ತಾಯಿ ಕಾರ್ಡ್ ಕೈಗೆ ಬರುವ ಮೊದಲೇ

ಚಿಂತಾಮಣಿ ತಾಲ್ಲೂಕಿನ ನಮ್ಮೂರಿನ ಅಂಗನವಾಡಿಯಲ್ಲಿ ಕಳೆದ ವಾರ ನಡೆದ ತಾಯಂದಿರ ಸಭೆಯಲ್ಲಿ, ಮೂರು ತಿಂಗಳ ಗರ್ಭಿಣಿಯೊಬ್ಬಳು ಹೊಸ ತಾಯಿ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು, "ಇನ್ನು ಒಂದು ದಿನವೂ ಮಾತ್ರೆ ತಪ್ಪಿಸಲ್ಲ ಅಕ್ಕ, ಮಗು ಅಂಗಾಂಗ ಸರಿಯಾಗಿ ಬೆಳೀಬೇಕಲ್ಲ" ಎಂದಳು. ರಕ್ತಹೀನತೆ ತಡೆಯಲು ಕಬ್ಬಿಣ ಮತ್ತು ಫೋಲಿಕ್ ಆಮ್ಲದ (ಒಂದು ಬಿ ಜೀವಸತ್ವ) ಆ ಮಾತ್ರೆ ಖಂಡಿತ ಬೇಕು. ಆದರೆ ಬೆನ್ನುಹುರಿಯ ಮಟ್ಟಿಗೆ ಹೇಳುವುದಾದರೆ ಅದು ತಡವಾಗಿ ಬಂದಿದೆ.

ನನ್ನ ತಂಗಿಯ ಚೊಚ್ಚಲ ಮಗುವಿನ ಸೊಂಟದ ಮೇಲೆ, ತೆಳುವಾದ ಪೊರೆಯೊಳಗೆ ನೀರು ತುಂಬಿಕೊಂಡ ನಿಂಬೆಹಣ್ಣಿನ ಗಾತ್ರದ ಗಂಟಿತ್ತು, ಕಾಲುಗಳು ಆಡುತ್ತಿರಲಿಲ್ಲ. ಗ್ರಹಣದ ದಿನ ಅವಳು ಈಳಿಗೆಮಣೆ ಮುಟ್ಟಿದ್ದೇ ಕಾರಣವೆಂದು ಮನೆಯ ಹಿರಿಯರು ತೀರ್ಮಾನಿಸಿದರು. ಮಗು ಉಳಿಯಲಿಲ್ಲ, ಆ ಮಾತು ಮಾತ್ರ ಉಳಿಯಿತು.

ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ, ಅಂದರೆ ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ, ಮುಚ್ಚಿಕೊಳ್ಳುತ್ತದೆ. ಮುಚ್ಚದೆ ಉಳಿದರೆ ಇಂಥ ಗಂಟು ಕಾಣಿಸಿಕೊಳ್ಳಬಹುದು. ಒಮ್ಮೆ ಇಂಥ ಮಗುವನ್ನು ಹೆತ್ತ ತಾಯಂದಿರಿಗೆ ಮುಂದಿನ ಗರ್ಭಕ್ಕೆ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಡತೊಡಗಿದರೆ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆಂದು, 7 ದೇಶಗಳ 33 ಕೇಂದ್ರಗಳಲ್ಲಿ ನಡೆದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲಿ ತೋರಿಸಿಕೊಟ್ಟಿತು. ಉಳಿದ ಹೆಣ್ಣುಮಕ್ಕಳಿಗೆ ಗರ್ಭಕ್ಕೆ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಅಮೆರಿಕವು 1998ರಿಂದ ಫೋಲಿಕ್ ಆಮ್ಲವನ್ನು ಧಾನ್ಯದ ಹಿಟ್ಟಿಗೇ ಬೆರೆಸುವುದನ್ನು ಕಡ್ಡಾಯಗೊಳಿಸಿತು.

"ನಾವು ದಿನಾ ಸೊಪ್ಪು ತಿನ್ನುತ್ತೇವಲ್ಲ?" ಎಂದು ಸಭೆಯಲ್ಲಿ ಒಬ್ಬ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್, ಅಂದರೆ ಇದೇ ಜೀವಸತ್ವದ ಸಹಜ ರೂಪ, ಬೇಯಿಸಿದ ನೀರಿಗೆ ಇಳಿಯುತ್ತದೆ. ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಪದ್ಧತಿ ಅದನ್ನು ಸ್ವಲ್ಪಮಟ್ಟಿಗೆ ಉಳಿಸಿಕೊಳ್ಳುತ್ತದೆ. ಆದರೂ ಬಹಳ ಹೊತ್ತು ಕುದಿಸಿದರೆ ಒಂದಷ್ಟು ನಾಶವಾಗುವುದರಿಂದ, ಊಟವನ್ನಷ್ಟೇ ನೆಚ್ಚಿಕೊಳ್ಳದೆ ಮಾತ್ರೆಯನ್ನೂ ತೆಗೆದುಕೊಳ್ಳಬೇಕು.

ಎರಡನೆಯ ಬಾರಿ ತಂಗಿ ವೈದ್ಯರ ಸಲಹೆಯಂತೆ ಮೂರು ತಿಂಗಳು ಮೊದಲೇ ಮಾತ್ರೆ ಆರಂಭಿಸಿದಳು. ಆಗ ಹುಟ್ಟಿದ ಮಗಳು ಈಗ ಏಳನೆಯ ತರಗತಿಯಲ್ಲಿದ್ದು, ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆ ನುಂಗುತ್ತಾಳೆ. ನಮ್ಮೂರಿನ ಹೆಣ್ಣುಮಕ್ಕಳು ಓದು ಬಿಟ್ಟೊಡನೆ ಆ ಮಾತ್ರೆಯೂ ತಪ್ಪಿಹೋಗುವುದನ್ನು, ಮದುವೆಯಾಗಿ ಗರ್ಭ ನಿಲ್ಲುವವರೆಗೆ ಯಾರೂ ಅವರನ್ನು ವಿಚಾರಿಸದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮದುವೆ ನಿಶ್ಚಯವಾದವರನ್ನೂ ಮುಂದಿನ ಸಭೆಗೆ ಕರೆಯೋಣವೆಂದಾಗ ಆಶಾ ಕಾರ್ಯಕರ್ತೆ ಒಪ್ಪಿಕೊಂಡರು. ಸದ್ಯಕ್ಕೆ ನಮ್ಮ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿವೆ.