ಉದ್ರಿ ಪುಸ್ತಕದಲ್ಲಿ ನನ್ನದೊಂದು ಖಾತೆ

ದಾವಣಗೆರೆಯಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ಅಪ್ಪ 1981ರಲ್ಲಿ ಹಾಕಿದ್ದು. ನಾನು ಗಲ್ಲಾದ ಮುಂದೆ ಕೂರಲು ಶುರು ಮಾಡಿ 26 ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮುಚ್ಚುವುದು ರಾತ್ರಿ ಒಂಬತ್ತೂವರೆಗೆ.

2023ರ ನವೆಂಬರಿನಲ್ಲಿ ಹೊಟ್ಟೆಯ ಬಲಗಡೆ ಭಾರ ಅನಿಸುತ್ತಿದೆ ಎಂದು ಡಾಕ್ಟರ ಹತ್ತಿರ ಹೋದೆ. ಹೆಂಡತಿಯೂ ಬಂದಿದ್ದಳು. ಸ್ಕ್ಯಾನಿಂಗ್‌ನಲ್ಲಿ ಲಿವರ್ ಮೇಲೆ ಕೊಬ್ಬು ಕೂತಿದೆ ಅಂತ ಬಂತು. ಐದೂವರೆ ಅಡಿ ಎತ್ತರಕ್ಕೆ 84 ಕೆಜಿ ತೂಕ. ಡಾಕ್ಟರು ಟೇಪ್ ತಂದು ಹೊಕ್ಕುಳ ಹತ್ತಿರ ಸುತ್ತಿ ಅಳೆದರು. 102 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ ಅದು 90, ಹೆಂಗಸರಿಗೆ 80 ದಾಟಬಾರದಂತೆ. ತೂಕಕ್ಕಿಂತ ಈ ಅಳತೆಯ ಮೇಲೆ ಜಾಸ್ತಿ ಕಣ್ಣಿಡಿ ಅಂದರು.

ದಿನಾ ಏನು ತಿನ್ನುತ್ತೀರಿ ಅಂತ ಕೇಳಿದರು. ಇದ್ದದ್ದನ್ನೇ ಹೇಳಿದೆ. ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪಲ್ಯ, ಸ್ವಲ್ಪ ಅನ್ನ. ರಾತ್ರಿ ಮುದ್ದೆ ಸಾರು.

"ಇಷ್ಟಕ್ಕೇ ಇಷ್ಟು ತೂಕ ಬರಲ್ಲವಲ್ಲ. ಊಟ ಬಿಟ್ಟು ಬೇರೆ ಏನು?"

ಏನೂ ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ನಿಜಕ್ಕೂ ಹಾಗೇ ನಂಬಿಕೊಂಡಿದ್ದೆ.

ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ, "ರೀ, ಅಂಗಡಿಯಲ್ಲಿ?" ಅಂದಳು.

ಆ ಎರಡೇ ಮಾತು ಮನೆಗೆ ಬರುವವರೆಗೂ ತಲೆಯಲ್ಲಿ ಸುತ್ತುತ್ತಿತ್ತು. ಮಾರನೇ ದಿನ ಉದ್ರಿ ಪುಸ್ತಕ ತೆಗೆದು ಕೊನೆಯ ಪುಟದಲ್ಲಿ ನನ್ನ ಹೆಸರು ಬರೆದೆ. ಗಿರಾಕಿಗಳಿಗೆ ಹೇಗೆ ಬರೆಯುತ್ತೇನೋ ಹಾಗೇ. ಏನು ಬಾಯಿಗೆ ಹಾಕಿದರೂ ಅದರ ಬೆಲೆ, ಹೊತ್ತು ಎರಡನ್ನೂ ಬರೆಯುವುದು. ಒಂದು ವಾರ ಬರೆದೆ.

ಏಳು ದಿನಕ್ಕೆ 415 ರೂಪಾಯಿ ಆಗಿತ್ತು. ಕ್ರೀಮ್ ಬಿಸ್ಕೆಟ್, ಆಲೂ ಚಿಪ್ಸ್, ಖಾರದ ಪ್ಯಾಕೆಟ್, ಟೋಸ್ಟ್, ಮಧ್ಯಾಹ್ನದ ಬಿಸಿಲಿಗೆ ಮಾವಿನ ಜ್ಯೂಸ್ ಬಾಟಲಿ. ಬೆಲೆಗಿಂತ ಹೊತ್ತು ನೋಡಿ ನನಗೆ ಸಂಕಟವಾಯಿತು. 10.40, 11.15, 12, 3.30, 4.10, 5, 7.45. ಒಂದೂ ಹಸಿವಾದಾಗ ತಿಂದದ್ದಲ್ಲ. ಗಿರಾಕಿ ಇಲ್ಲದ ಹೊತ್ತಿಗೆ ಕೈ ತಾನಾಗಿ ಮೇಲೆ ಹೋಗಿ ನೇತುಹಾಕಿದ ಸರದಿಂದ ಒಂದು ಪ್ಯಾಕೆಟ್ ಕಿತ್ತುಕೊಳ್ಳುತ್ತಿತ್ತು.

ಅಪ್ಪನೂ ಇದೇ ಜಾಗದಲ್ಲಿ ಮೂವತ್ತು ವರ್ಷ ಕೂತವರು. ಅವರ ಹೊಟ್ಟೆ ಕೊನೆಯವರೆಗೂ ಹೀಗೆ ಮುಂದೆ ಬರಲಿಲ್ಲ. ಅವರೂ ಆಗಾಗ ಬಾಯಾಡಿಸುತ್ತಿದ್ದರು. ಆದರೆ ಅವರ ಕೈಗೆ ಸಿಗುತ್ತಿದ್ದದ್ದು ಚೀಲದಲ್ಲಿನ ಶೇಂಗಾ, ಪುಟಾಣಿ, ಒಣಕೊಬ್ಬರಿ ಚೂರು, ಉಂಡೆ ಬೆಲ್ಲ. ಒಂದು ಹಿಡಿ ಶೇಂಗಾ ಅಗಿದು ಮುಗಿಸಬೇಕಾದರೆ ಹೊತ್ತು ಹಿಡಿಯುತ್ತದೆ. ಎರಡನೇ ಹಿಡಿಗೆ ಸಾಕು ಅನಿಸುತ್ತದೆ. ಚಿಪ್ಸ್ ಹಾಗಲ್ಲ. ನಾಲಿಗೆ ಮೇಲೆ ಇಡುತ್ತಲೇ ಕರಗುತ್ತದೆ, ಪ್ಯಾಕೆಟ್ ಖಾಲಿಯಾದರೂ ಹೊಟ್ಟೆಗೆ ಏನೂ ಹೋದ ಹಾಗೆ ಇರಲ್ಲ.

ಇದನ್ನು ನರ್ಸಿಂಗ್ ಓದುತ್ತಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ. "ಅಪ್ಪಾಜಿ, ಇದರ ಮೇಲೆ ಅಮೆರಿಕದಲ್ಲಿ ಒಂದು ಪ್ರಯೋಗವೇ ಆಗಿದೆ" ಅಂದಳು. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ಮಾಡಿದ್ದು, 2019ರಲ್ಲಿ ಪ್ರಕಟವಾಯಿತು. 20 ಜನರನ್ನು ಒಂದು ತಿಂಗಳು ಅಲ್ಲೇ ಇರಿಸಿಕೊಂಡಿದ್ದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಊಟ, ಎರಡು ವಾರ ಸಾಮಾನ್ಯ ಅಡುಗೆ. ಎರಡರಲ್ಲೂ ತಟ್ಟೆಗೆ ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಹೆಚ್ಚುಕಮ್ಮಿ ಒಂದೇ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದಿದ್ದರು. ಕಾರ್ಖಾನೆ ಊಟದ ಎರಡು ವಾರದಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ಬೇಗ ಬೇಗನೂ ತಿಂದರು. ತೂಕ ಸರಾಸರಿ 900 ಗ್ರಾಂ ಏರಿತು. ಅಡುಗೆ ಊಟದ ಎರಡು ವಾರದಲ್ಲಿ ಅಷ್ಟೇ ಇಳಿಯಿತು.

ಅದನ್ನು ಕೇಳಿ ನನಗೆ ಮನಸ್ಸು ಹಗುರವಾಯಿತು. ನನಗೆ ಬಾಯಿ ಕಟ್ಟಲು ಬರಲ್ಲ ಅಂತ ಇಷ್ಟು ವರ್ಷ ಒಳಗೊಳಗೇ ಬೈದುಕೊಂಡಿದ್ದೆ. ಆ ತಿಂಡಿಗಳು ಇರುವುದೇ ಹಾಗೆ, ಯಾರ ಕೈಗೆ ಕೊಟ್ಟರೂ ಜಾಸ್ತಿ ತಿನ್ನುತ್ತಾರೆ.

ಆಮೇಲೆ ಅಂಗಡಿಯ ಮಾಲನ್ನೇ ಒಂದೊಂದಾಗಿ ಓದಲು ಕೂತೆ. ಇಷ್ಟು ವರ್ಷ ಪ್ಯಾಕೆಟ್ ಹಿಂದೆ ನಾನು ನೋಡುತ್ತಿದ್ದದ್ದು ಬೆಲೆ ಮತ್ತು ತಾರೀಖು ಮಾತ್ರ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದೇ ಮೊದಲು ಬರಬೇಕು ಅಂತ ನಿಯಮವಿದೆ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಗೋಧಿ ತೆನೆಯ ಚಿತ್ರ ಹಾಕಿದ ಬಿಸ್ಕೆಟ್ ತಿರುಗಿಸಿದರೆ ಮೊದಲ ಹೆಸರು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ. ಗೋಧಿ ಎಲ್ಲೋ ಕೆಳಗೆ. ಸಕ್ಕರೆ ಒಂದೇ ಹೆಸರಿನಲ್ಲಿ ಬರಲ್ಲ ಅನ್ನುವುದೂ ಆಗಲೇ ತಿಳಿದದ್ದು. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಲ್ಲ ಅದೇ ಕುಲದವು. ಮಾವಿನ ಜ್ಯೂಸಿನ ಮೇಲೆ 100 ಮಿ.ಲೀ.ಗೆ 13 ಗ್ರಾಂ ಸಕ್ಕರೆ ಅಂತಿತ್ತು. ಓದಿದರೆ ಕಡಿಮೆ ಅನಿಸುತ್ತದೆ. ಬಾಟಲಿ 250 ಮಿ.ಲೀ. ಲೆಕ್ಕ ಹಾಕಿದರೆ ಆರು ಚಮಚದ ಮೇಲಾಯಿತು. ಮನೆಯಲ್ಲಿ ಒಂದು ಲೋಟ ಪಾನಕಕ್ಕೆ ಆರು ಚಮಚ ಸಕ್ಕರೆ ಹಾಕಿದರೆ ಯಾರಾದರೂ ಕುಡಿಯುತ್ತಾರಾ?

ನೂಡಲ್ಸ್ ಬಗ್ಗೆ ಒಂದು ಮಾತು. ಅದರ ಮೇಲೆ ಉಪ್ಪು ಅಂತ ಬರೆದಿರಲ್ಲ, ಸೋಡಿಯಂ ಅಂತಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ನಾನು ಓದಿದ ಪ್ಯಾಕೆಟ್‌ನಲ್ಲಿ ಹತ್ತಿರ ಹತ್ತಿರ 1 ಗ್ರಾಂ ಸೋಡಿಯಂ ಇತ್ತು. ಅಂದರೆ ಎರಡೂವರೆ ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಓಣಿಯ ಮಕ್ಕಳು ಅದನ್ನು ಸಂಜೆ ತಿಂಡಿ ಅಂತ ತಿನ್ನುತ್ತಾರೆ.

ಪ್ಯಾಕೆಟ್‌ನಲ್ಲಿರುವುದೆಲ್ಲ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಮ್ಮೂರಿನ ಮಂಡಕ್ಕಿಯನ್ನೇ ನೋಡಿ. ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದು ಅರಳಿಸುತ್ತಾರೆ. ಅವಲಕ್ಕಿ, ಬೆಲ್ಲ, ಮೊಸರು, ಸಂಡಿಗೆ ಎಲ್ಲವೂ ಒಂದಲ್ಲ ಒಂದು ರೀತಿ ಸಂಸ್ಕರಿಸಿದ್ದೇ. ಬ್ರೆಜಿಲಿನ ಕಾರ್ಲೋಸ್ ಮಾಂಟೇರೊ ಎಂಬ ಪ್ರೊಫೆಸರು ಆಹಾರವನ್ನು ನಾಲ್ಕು ಗುಂಪು ಮಾಡಿದ್ದಾರೆ. ಕೊನೆಯ ಗುಂಪು ಅತಿಯಾಗಿ ಸಂಸ್ಕರಿಸಿದ್ದು, ಅಂದರೆ ಯಾರ ಮನೆಯ ಅಡುಗೆಮನೆಯಲ್ಲೂ ಇರದ ಪುಡಿ, ಬಣ್ಣ, ವಾಸನೆ, ಸಿರಪ್ ಸೇರಿಸಿ ಕಾರ್ಖಾನೆಯಲ್ಲಿ ಕಟ್ಟಿದ್ದು. ನಾನು ಇದನ್ನು ಸುಲಭ ಮಾಡಿಕೊಂಡಿದ್ದೇನೆ. ಪಟ್ಟಿಯಲ್ಲಿರುವ ಸಾಮಾನು ನನ್ನ ಅಂಗಡಿಯಲ್ಲೇ ಬಿಡಿಯಾಗಿ ಸಿಗುತ್ತದಾ? ಸಿಗದೇ ಇದ್ದರೆ ನಾನು ತಿನ್ನಲ್ಲ.

ಡಾಕ್ಟರು ಉಪವಾಸ ಹೇಳಲಿಲ್ಲ, ಪುಡಿ ಕೊಡಲಿಲ್ಲ. ಮೂರು ಹೊತ್ತಿನ ಊಟ ಹಾಗೇ ಇದೆ. ಅನ್ನ ಸ್ವಲ್ಪ ಕಡಿಮೆ, ಕಾಳು ಪಲ್ಯ ಸ್ವಲ್ಪ ಜಾಸ್ತಿ, ಜೊತೆಗೆ ಸೌತೆಕಾಯಿ, ಮೂಲಂಗಿ, ಹಸಿ ಮೆಂತೆ ಸೊಪ್ಪು. ನಾಲ್ಕು ಗಂಟೆಗೆ ಒಂದು ಹಿಡಿ ಶೇಂಗಾ ಇಲ್ಲವೇ ಪುಟಾಣಿ, ಎದ್ದು ಒಳಗೆ ಹೋಗಿ ಕೂತು ತಿನ್ನುವುದು. ಗಲ್ಲಾದ ಮುಂದೆ ಏನೂ ತಿನ್ನಲ್ಲ. ಬೆಳಿಗ್ಗೆ ಐದೂವರೆಗೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತೇನೆ. ವಾರಕ್ಕೊಮ್ಮೆ ಮಂಡಕ್ಕಿ ಜೊತೆ ಎರಡು ಮೆಣಸಿನಕಾಯಿ ಬಜ್ಜಿ ಇದ್ದೇ ಇರುತ್ತದೆ. ದಾವಣಗೆರೆಯಲ್ಲಿದ್ದು ಅದನ್ನು ಬಿಡು ಅಂದರೆ ನನ್ನಿಂದ ಆಗಲ್ಲ, ಡಾಕ್ಟರೂ ಬಿಡು ಅನ್ನಲಿಲ್ಲ.

ಹದಿನಾಲ್ಕು ತಿಂಗಳಲ್ಲಿ 84 ಇದ್ದದ್ದು 76 ಆಯಿತು. ಸೊಂಟ 93. ಮಧ್ಯೆ ಎರಡು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ. ಅಣ್ಣನ ಮಗನ ಮದುವೆಯ ತಿಂಗಳು ಎರಡು ಕೆಜಿ ವಾಪಸ್ ಬಂತು. ಹೆಂಡತಿ ಅದನ್ನೂ ಪುಸ್ತಕದಲ್ಲಿ ಬರೆಸಿದಳು.

ತೂಕಕ್ಕಿಂತ ಕಷ್ಟವಾದದ್ದು ಇನ್ನೊಂದು. ನಾನು ತಿನ್ನದೇ ಬಿಟ್ಟದ್ದನ್ನು ಇನ್ನೂ ಮಾರುತ್ತಿದ್ದೇನೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ 2020ರಲ್ಲೇ ನಿಯಮ ಬಂದಿದೆ. ನನ್ನ ಅಂಗಡಿ ಅದಕ್ಕಿಂತ ದೂರ ಇದೆ. ಆದರೆ ಸಂಜೆ ನಾಲ್ಕಕ್ಕೆ ಗಂಟೆ ಹೊಡೆದರೆ ಮಕ್ಕಳು ಓಡಿ ಬರುವುದು ಇಲ್ಲಿಗೇ. "ಅಂಕಲ್, ಐದ್ರೂಪಾಯಿದು ಕೊಡ್ರಿ" ಅಂತ ಮೇಲೆ ಕೈ ತೋರಿಸುತ್ತವೆ. ಆ ಪುಟ್ಟ ಕೈಗೆ ಪ್ಯಾಕೆಟ್ ಕೊಡುವಾಗ ನನಗೆ ಸಮಾಧಾನ ಇರಲಿಲ್ಲ. ಪೂರ್ತಿ ನಿಲ್ಲಿಸಿದರೆ ಎದುರಿನ ಅಂಗಡಿಗೆ ಹೋಗುತ್ತವೆ, ನನ್ನ ಬಾಡಿಗೆಯೂ ನಡೆಯಬೇಕು. ಕಂಪನಿ ಗಾಡಿಯ ಹುಡುಗ ಹನ್ನೆರಡು ಸರಕ್ಕೆ ಒಂದು ಸರ ಫ್ರೀ ಅಂತ ಕೊಡುತ್ತಾನೆ. ಶೇಂಗಾಕ್ಕೆ ಅಂಥ ಸ್ಕೀಮ್ ಯಾರೂ ಕೊಡಲ್ಲ.

ಹೋದ ಜೂನ್‌ನಲ್ಲಿ ಸರಗಳನ್ನೆಲ್ಲ ಹಿಂದಿನ ಗೋಡೆಗೆ ಕಟ್ಟಿದೆ. ಮುಂದೆ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಗಾಜಿನ ಡಬ್ಬಿ ಇಟ್ಟೆ. ಶೇಂಗಾ ಚಿಕ್ಕಿ, ಪುಟಾಣಿ, ಬಾಳೆಹಣ್ಣು. ಸಂಜೆ ಹೆಂಡತಿ ಮಂಡಕ್ಕಿಗೆ ಈರುಳ್ಳಿ, ಟೊಮೇಟೊ, ಶೇಂಗಾ, ಚಟ್ನಿಪುಡಿ, ನಿಂಬೆರಸ ಕಲಸಿ ಐದು ರೂಪಾಯಿಗೆ ಒಂದು ಪೊಟ್ಟಣ ಕಟ್ಟಿಕೊಡುತ್ತಾಳೆ. ಮೊದಲ ವಾರ ದಿನಕ್ಕೆ ನಾಲ್ಕೈದು ಹೋದವು. ಉಳಿದದ್ದನ್ನು ನಾವೇ ತಿಂದೆವು. ಈಗ ಮೂವತ್ತರ ಹತ್ತಿರ ಹೋಗುತ್ತವೆ. ಚಿಪ್ಸ್ ವ್ಯಾಪಾರ ನಿಂತಿಲ್ಲ, ಸುಮಾರು ಅರ್ಧಕ್ಕೆ ಇಳಿದಿದೆ. ಬಾಳೆಹಣ್ಣು ಮಾತ್ರ ಮಕ್ಕಳಿಗೆ ಅಷ್ಟಾಗಿ ಬೇಕಿಲ್ಲ, ಅದನ್ನು ಅವರನ್ನು ಕರೆಯಲು ಬರುವ ಅಜ್ಜಿಯರು ಒಯ್ಯುತ್ತಾರೆ.

ನಿನ್ನೆ ಮೂರನೇ ಕ್ಲಾಸಿನ ಒಂದು ಹುಡುಗಿ ಪೊಟ್ಟಣ ಖಾಲಿ ಮಾಡಿ ವಾಪಸ್ ಬಂದಳು. "ಅಂಕಲ್, ನಾಳೆ ಸ್ವಲ್ಪ ಖಾರ ಕಡಿಮೆ ಹಾಕಾಕೆ ಹೇಳ್ರಿ. ನಮ್ಮ ತಮ್ಮನೂ ಬರ್ತಾನೆ" ಅಂದಳು. ಚಿಕ್ಕ ಮಕ್ಕಳಿಗೆ ಅಂತ ಒಂದು ಪಾತ್ರೆ ಬೇರೆ ಕಲಸೋಣ ಅಂತ ಹೆಂಡತಿ ಹೇಳುತ್ತಿದ್ದಾಳೆ.