ಡೇಟನ್ನಿನ ಆ ಮಧ್ಯಾಹ್ನ

ಬೈಬಲ್ ಕುರಿತು ನಾಸ್ತಿಕರೂ ಕ್ರೈಸ್ತರೂ ವಾದಿಸುವುದನ್ನು ಕೇಳುವಾಗಲೆಲ್ಲ ನನಗೆ 1925ರ ಜುಲೈ 20 ನೆನಪಾಗುತ್ತದೆ. ಅಮೆರಿಕದ ಟೆನೆಸ್ಸಿ ರಾಜ್ಯದ ಪುಟ್ಟ ಊರು ಡೇಟನ್. ಕಾನೂನು ನಿಷೇಧಿಸಿದ್ದ ವಿಕಾಸವಾದವನ್ನು ಶಾಲೆಯಲ್ಲಿ ಕಲಿಸಿದ ಆರೋಪ ಹೊತ್ತ ಶಿಕ್ಷಕ ಜಾನ್ ಸ್ಕೋಪ್ಸ್ ಅವರ ವಿಚಾರಣೆ ಅಂದು ನ್ಯಾಯಾಲಯದ ಹೊರಗೆ, ಹುಲ್ಲುಹಾಸಿನ ಮೇಲೆ ನಡೆಯಿತು. ದೇವರಿದ್ದಾನೆಂದು ಒಪ್ಪದ, ಸ್ಕೋಪ್ಸ್ ಪರ ವಕೀಲ ಕ್ಲಾರೆನ್ಸ್ ಡ್ಯಾರೋ, ಬೈಬಲನ್ನು ನಂಬುವ ಎದುರಾಳಿ ವಕೀಲ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನೇ ಸಾಕ್ಷಿಯಾಗಿ ಕರೆದರು. ಬ್ರಯಾನ್ ಹಿಂಜರಿಯದೆ ಬಂದು ಕುಳಿತರು. ಬೈಬಲಿನ ಕಥೆಗಳನ್ನು ಹಿಡಿದು ಡ್ಯಾರೋ ಕೇಳತೊಡಗಿದರು: ಯೋನನನ್ನು ಮೀನು ನುಂಗಿತೇ? ಯೆಹೋಶುವನ ಮಾತಿಗೆ ಸೂರ್ಯ ನಿಂತನೇ? ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು?

ಬೈಬಲ್ ಹೇಳುವ ಸೃಷ್ಟಿಯ ದಿನಗಳು 24 ಗಂಟೆಯ ದಿನಗಳೇ ಆಗಿರಬೇಕಿಲ್ಲ ಎಂದು ಬ್ರಯಾನ್ ಒಪ್ಪಿದರು. ಅದನ್ನು ಸೋಲೆಂದು ಎಣಿಸಿದವರು ಬಹಳ ಮಂದಿ. ನನಗೆ ಹಾಗೆ ಅನಿಸುವುದಿಲ್ಲ. ತನ್ನನ್ನು ನಂಬಿ ಬಂದ ಭಕ್ತರ ಎದುರಿಗೇ ಹಾಗೆ ಹೇಳಲು ಎಷ್ಟು ಪ್ರಾಮಾಣಿಕತೆ ಬೇಕು! ಡ್ಯಾರೋ ಮೇಲೂ ನನಗೆ ಅಷ್ಟೇ ಗೌರವ. ಧರ್ಮಗ್ರಂಥದ ಹೆಸರಿನಲ್ಲಿ ಕಾನೂನು ತಂದು ಶಾಲೆಯ ಪಾಠವನ್ನೇ ನಿಲ್ಲಿಸಿದಾಗ ಯಾರಾದರೂ ಆ ಪ್ರಶ್ನೆಗಳನ್ನು ಕೇಳಲೇಬೇಕಿತ್ತು.

ಮರುದಿನ ನ್ಯಾಯಾಧೀಶರು ಆ ಸಾಕ್ಷ್ಯವನ್ನು ದಾಖಲೆಯಿಂದ ತೆಗೆಸಿದರು. ಕಾನೂನು ಮಾತ್ರ 1967ರವರೆಗೆ ಉಳಿದಿತ್ತು.