ಹತ್ತು ಸಾವಿರ ಕಟ್ಟಿದ್ರ ಮುಗೀತಲ್ರಿ ವಕೀಲ್ರೇ?

ಹೋಳಿ ಆದ ಮರುದಿನ, ಡಿಸೆಂಬರ್ 31 ಆದ ಮರುದಿನ, ಇಲ್ಲಾ ಊರಾಗ ಯಾರದರ ದೊಡ್ಡ ಮದುವಿ ಆದ ಮರುದಿನ ಕುಡದು ಗಾಡಿ ಓಡಿಸಿ ಸಿಕ್ಕಬಿದ್ದವರಿಂದ ನನ್ನ ಫೋನಿಗೆ ಬರೋದು ಇದಾ ಒಂದು ಪ್ರಶ್ನೆ. ಮುಗಿಯಂಗಿಲ್ಲಪ್ಪ ಅಂತ ಎಷ್ಟು ಮಂದಿಗೆ ಹೇಳೋದು, ಅದಕ್ಕ ಒಮ್ಮೆ ಬರದು ಇಟ್ಟುಬಿಡ್ತೀನಿ, ಇನ್ಮ್ಯಾಲ ಕೇಳಿದವರಿಗೆ ಲಿಂಕ್ ಕಳಿಸಿದ್ರ ಆತು.

ಮೋಟಾರು ವಾಹನ ಕಾಯ್ದೆ 185ನೇ ಕಲಂ ಅದು. 100 ಎಂ.ಎಲ್. ರಕ್ತದಾಗ ಆಲ್ಕೋಹಾಲ್ 30 ಎಂ.ಜಿ. ದಾಟಿತಂದ್ರ ಕೇಸು. ಮೊದಲನೇ ಸಲಕ್ಕ 10,000 ದಂಡ ಇಲ್ಲಾ ಆರು ತಿಂಗಳ ತನಕ ಜೈಲು ಇಲ್ಲಾ ಎರಡೂ, ಎರಡನೇ ಸಲಕ್ಕ 15,000 ದಂಡ ಇಲ್ಲಾ ಎರಡು ವರ್ಷದ ತನಕ ಜೈಲು ಇಲ್ಲಾ ಎರಡೂ. 2019ರ ಸೆಪ್ಟೆಂಬರ್‌ಗೆ ಮುಂಚೆ 2,000 ಇತ್ತು. ಹೆಲ್ಮೆಟ್ ದಂಡ ನಮ್ಮ ಸರ್ಕಾರ ಆಗ 500ಕ್ಕ ಇಳಿಸ್ತು, ಇದನ್ನ ಇಳಿಸಾಕ ಬರಂಗಿಲ್ಲ, ಯಾಕಂದ್ರ ಇದು ರೋಡ್ ಮ್ಯಾಲ ನಿಂತು ಮುಗಿಸೋ ಕೇಸೇ ಅಲ್ಲ, ಕೋರ್ಟಿಗೆ ಬರ್ಲೇಬೇಕು. "ಸರ್ಕಲ್‌ನ್ಯಾಗೇ ಕಟ್ಟಿ ಬಂದೆ ಸರ್" ಅನ್ನೋರು ಅಲ್ಲಿ ಏನು ಕಟ್ಟಿದ್ರು ಅಂತ ನಾ ಕೇಳಾಕ ಹೋಗಂಗಿಲ್ಲ.

ನಾ ಮೊದಲು ಕೇಳೋದು ಪೊಲೀಸ್ರು ಊದಿಸೋ ಮಷಿನ್ನಿನ ಚೀಟಿ. ಬಸ್ ಟಿಕೆಟಿನಷ್ಟು ಉದ್ದ ಇರ್ತದ, ಟೈಮು, ಗಾಡಿ ನಂಬರು, ರೀಡಿಂಗು ಎಲ್ಲಾ ಅದರಾಗ. ಥರ್ಮಲ್ ಪೇಪರ್ ಆಗಿರೋದ್ರಿಂದ ಅಂಗಿ ಕಿಸೆದಾಗ ಬೆವರಿಗೆ ಬಿದ್ದು, ನಮ್ಮೂರ ಬಿಸಿಲಿಗೆ ಬೇರೆ, ತಾರೀಖು ಬರೋದ್ರಾಗ ಬೆಳ್ಳಗ ಆಗಿರ್ತದ, ಸಿಕ್ಕ ಕೂಡ್ಲೆ ಜೆರಾಕ್ಸ್ ಮಾಡಿಸ್ರಿ. ರೀಡಿಂಗು 34, 35 ಅಂತ ಗಡಿ ಮ್ಯಾಲ ಇದ್ರ ಮಷಿನ್ ಕ್ಯಾಲಿಬ್ರೇಷನ್ ಯಾವಾಗ ಆಗಿತ್ತು, ಬಾಯಾಗ ಮೌತ್‌ವಾಶೋ ಕೆಮ್ಮಿನ ಔಷಧಿನೋ ಇತ್ತಾ ಅಂತ ವಾದ ಮಾಡಾಕ ಜಾಗ ಇರ್ತದ. 180 ಬಂದವ ಕೆಮ್ಮಿನ ಔಷಧಿ ಅಂದ್ರ ಜಡ್ಜ್ ಸಾಹೇಬ್ರಲ್ಲ, ನಾನೇ ನಗ್ತೀನಿ.

ವಾಟ್ಸಾಪ್‌ನ್ಯಾಗ ಒಂದು ಸುದ್ದಿ ಓಡಾಡ್ತದ, ಎರಡು ತಾಸಿನೊಳಗ ಡಾಕ್ಟರ್ ಹತ್ರ ಕರಕೊಂಡು ಹೋಗಿಲ್ಲಂದ್ರ ಕೇಸೇ ಬಿದ್ದು ಹೋಗ್ತದ ಅಂತ. 202ನೇ ಕಲಂ ಬರದಿದ್ದು ಅರೆಸ್ಟ್ ಮಾಡಿದ ಮನಷ್ಯಾನ್ನ ಅಷ್ಟರಾಗ ವೈದ್ಯಕೀಯ ತಪಾಸಣಿ ಮಾಡಿಸಿಲ್ಲಂದ್ರ ಬಿಟ್ಟು ಕಳಿಸ್ಬೇಕು ಅಂತ ಅಷ್ಟ, ಮನಿಗೆ ಹೋಗ್ತೀರಿ, ಕೇಸು ಅಲ್ಲೇ ಇರ್ತದ. ಊದಂಗಿಲ್ಲ ಅಂತ ಹಟ ಹಿಡಿಯೋದೂ ವ್ಯರ್ಥ, 205ರ ಪ್ರಕಾರ ಆ ಹಟಾನ ನಿಮ್ಮ ವಿರುದ್ಧ ಬಳಸ್ತಾರ.

ಇನ್ನ ಸೇಂದಿ ವಿಷಯ. ನಮ್ಮ ರಾಯಚೂರು ಜಿಲ್ಲಾದಾಗ ಸಿ.ಎಚ್. ಪೌಡರ್ ಬೆರೆಸಿದ ಸೇಂದಿ ಗೊತ್ತಿಲ್ದವರು ಯಾರ್ ಅದಾರ್ರಿ. ಸಿ.ಎಚ್. ಅಂದ್ರ ಕ್ಲೋರಲ್ ಹೈಡ್ರೇಟ್, ನಿದ್ದಿ ಬರಿಸೋ ರಾಸಾಯನಿಕ. ಊದೋ ಮಷಿನ್ನು ಹುಡುಕೋದು ಆಲ್ಕೋಹಾಲ್, ಹಂಗಾಗಿ ರೀಡಿಂಗು ಕಡಿಮಿ ಬರ್ತದ, ಮನಷ್ಯಾ ಮಾತ್ರ ಬೈಕ್ ಮ್ಯಾಲೇ ತೂಕಡಿಸ್ತಿರ್ತಾನ. ಕಡಿಮಿ ಬಂತು ಅಂತ ಖುಷಿ ಪಡೋದ್ಯಾಕ, 185ರ ಎರಡನೇ ಭಾಗ ಇರೋದೇ ಅದಕ್ಕ, ಮಾದಕ ವಸ್ತುವಿನಿಂದ ಗಾಡಿ ಹಿಡಿತಕ್ಕ ಸಿಗದಂಗ ಆಗಿದ್ರ ಸಾಕು. ಗಾಂಜಾಕ್ಕೂ ಇದಾ ಕಲಂ, ಅದರ ಜೊತಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ಬೇರೆ. ಆದ್ರ ಇಲ್ಲಿ ನಂಬರ್ ಅನ್ನೋದು ಇಲ್ಲ, ರಿಮ್ಸ್ ಸರ್ಕಾರಿ ದವಾಖಾನಿಯಾಗ ಡಾಕ್ಟರ್ ಏನು ಬರದ್ರು, ರಕ್ತ ಮೂತ್ರ ಯಾವಾಗ ತಗೊಂಡ್ರು, ಸೀಲ್ ಸರಿ ಇತ್ತಾ, ಲ್ಯಾಬ್ ರಿಪೋರ್ಟ್ ಏನು ಹೇಳ್ತದ, ವಕೀಲನ ಕೆಲಸ ಎಲ್ಲಾ ಆ ಕಾಗದದ ಸಂದುಗೊಂದಿನ್ಯಾಗ.

ಇಷ್ಟೆಲ್ಲಾ ಮಾಡಿ ಬಿಡುಗಡೆ ಆದ್ರೂ ಇನ್ಶೂರೆನ್ಸ್ ಕಂಪನಿ ಬಿಡಂಗಿಲ್ಲ, ಮಂದಿಗೆ ತಿಳೀದೇ ಇರೋದು ಇದಾ ನೋಡ್ರಿ. ಬರೀ ವಾಸನಿ ಬಂತು, ನಡಗಿ ತೂರಾಡ್ತಿತ್ತು ಅಂದ ಮಾತ್ರಕ್ಕ ಕುಡದಾನ ಅಂತ ಸಾಬೀತಾಗಂಗಿಲ್ಲ ಅಂತ 1971ರಾಗ ಸುಪ್ರೀಂ ಕೋರ್ಟ್ ಹೇಳಿದ್ದನ್ನ ಕ್ರಿಮಿನಲ್ ಕೇಸಿನ್ಯಾಗ ನಾವು ಈಗ್ಲೂ ಓದ್ತೀವಿ. ಅದಾ ಸುಪ್ರೀಂ ಕೋರ್ಟ್ 2021ರಾಗ ದಿಲ್ಲಿ ಪೋರ್ಶೆ ಕಾರಿನ ಕೇಸಿನ್ಯಾಗ ಏನಂತು? ಅಲ್ಲಿ ಊದಿಸಿರ್ಲಿಲ್ಲ, ರಕ್ತ ತಗೊಂಡಿರ್ಲಿಲ್ಲ, ಆದ್ರೂ ಪಾಲಿಸಿ ಷರತ್ತು ಮುರದಾರ ಅನ್ನಾಕ 30 ಎಂ.ಜಿ. ಲೆಕ್ಕ ತೋರಿಸ್ಲೇಬೇಕು ಅಂತಿಲ್ಲ, ಸುತ್ತಲಿನ ಸನ್ನಿವೇಶ ಸಾಕು ಅಂತು, ಕಂಪನಿ ಗೆಲ್ತು. ಅಂದ್ರ ಸ್ವಂತ ಗಾಡಿ ರಿಪೇರಿ ರೊಕ್ಕ ಹೋದಂಗ. ಎದುರಿನವರಿಗೆ ಪೆಟ್ಟಾಗಿದ್ರ ಇನ್ನೂ ಕಷ್ಟ, ಕೋರ್ಟು ಹೆಚ್ಚಾಗಿ ಕಂಪನಿಗೆ ಮೊದಲು ನೀ ಕೊಡು, ಆಮ್ಯಾಲ ಓನರ್ ಹತ್ರ ವಸೂಲಿ ಮಾಡ್ಕೋ ಅಂತದ. ಓನರ್ ಹತ್ರ, ಕುಡದವನ ಹತ್ರ ಅಲ್ಲ. ಅಳಿಯ ಕೇಳಿದ ಅಂತ ಬೈಕ್ ಚಾವಿ ಕೊಟ್ಟ ಮಾವನ ಹೆಸರಿಗೆ ಲಕ್ಷಗಟ್ಟಲೆ ನೋಟಿಸ್ ಬರ್ತದ, ಹೊಲ ಮಾರೋ ಮಾತು ಅಲ್ಲಿಂದ ಶುರು.

ಜೀವ ಹೋದ್ರ ಭಾರತೀಯ ನ್ಯಾಯ ಸಂಹಿತೆ 106, ಐದು ವರ್ಷದ ತನಕ. 1999ರ ದಿಲ್ಲಿ ಬಿಎಂಡಬ್ಲ್ಯು ಕೇಸಿನಂಗ ಅಪಾಯ ಗೊತ್ತಿದ್ದೂ ಓಡಿಸ್ಯಾನ ಅಂತ ಆದ್ರ ಈಗ 105, ಹತ್ತು ವರ್ಷದ ತನಕ. ಅದರ ಬಗ್ಗೆ ಬೇರೆ ಪೋಸ್ಟ್ ಬೇಕಾಗ್ತದ.

ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಬೂದಿ ಲಾರಿ ಓಡಿಸೋ ಡ್ರೈವರ್‌ಗಳು ಬಂದ್ರ ನಾ ದಂಡದ ಮಾತೇ ಎತ್ತಂಗಿಲ್ಲ, ಡಿಎಲ್ ಬಗ್ಗೆ ಕೇಳ್ತೀನಿ. ಲೈಸೆನ್ಸ್ ಅಮಾನತು ಆದ್ರ ತಿಂಗಳುಗಟ್ಟಲೆ ಪಗಾರ ಇಲ್ಲ. ಆದ್ರ ಅಮಾನತು ಮಾಡೋ ಮುಂಚೆ ಆರ್‌ಟಿಒ ನಿಮ್ಮ ಮಾತು ಕೇಳ್ಬೇಕು, ಆದೇಶ ಆದ್ರೂ ಕೈಗೆ ಸಿಕ್ಕ 30 ದಿನದಾಗ ಮೇಲ್ಮನವಿ ಹಾಕಾಕ ಬರ್ತದ. ಬಾಳ ಮಂದಿ ಡಿಎಲ್‌ನ್ಯಾಗ ಹಳೇ ಬಾಡಗಿ ಮನಿ ಅಡ್ರೆಸ್ ಇರ್ತದ, ನೋಟಿಸ್ ಅಲ್ಲಿಗೆ ಹೋಗಿ ವಾಪಸ್ ಬಂದಿರ್ತದ. ಅಡ್ರೆಸ್ ಚೇಂಜ್ ಮಾಡಿಸ್ಕೊಳ್ರಿ, ಅದಕ್ಕ ವಕೀಲನೂ ಬೇಕಾಗಿಲ್ಲ.